ಅಪರಿಚಿತರಿಗೆ ಸಲ್ಲುವ ಅಹವಾಲು: ಪ್ರಾಣಸಂಕಟದಲ್ಲಿರುವವರ ಪ್ರಶ್ನೆ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ನಲ್ಲಿಯಲ್ಲಿ ನೀರು ನಿಂತರೆ ನೀರುಗಂಟಿಗೆ ಹೇಳಬೇಕೆಂಬುದು ಊರಿನ ಚಿಕ್ಕ ಮಗುವಿಗೂ ತಿಳಿದಿದೆ. ಬೀದಿದೀಪ ಕೆಟ್ಟರೆ ಜನರು ಸದಸ್ಯರ ಮನೆಯ ಬಾಗಿಲು ತಟ್ಟುತ್ತಾರೆ. ಹಸುವಿಗೆ ಕಾಯಿಲೆಯಾದರೆ ಪಶುವೈದ್ಯರಿಗೆ ಕರೆ ಹೋಗುತ್ತದೆ. ಹೀಗೆ ಗ್ರಾಮದ ಪ್ರತಿಯೊಂದು ಅಹವಾಲಿಗೂ ಒಂದು ವಿಳಾಸವಿದೆ. ಆದರೆ ಒಬ್ಬ ಮನುಷ್ಯನಿಗೆ ‘ಇನ್ನು ಬದುಕುವುದೇ ಬೇಡ’ ಎನಿಸಿದಾಗ ಆತನು ಯಾರಿಗೆ ಹೇಳಬೇಕು? ಈ ಪ್ರಶ್ನೆಗೆ ಬಹುತೇಕ ಗ್ರಾಮಗಳಲ್ಲಿ ಸಿದ್ಧ ಉತ್ತರವಿಲ್ಲ. ಆದ್ದರಿಂದಲೇ ಆ ಅಹವಾಲು ಊರನ್ನು ದಾಟಿ, ಮುಖವನ್ನೇ ಕಾಣದ ಅಪರಿಚಿತರ ಬಳಿಗೆ ಹೋಗುತ್ತದೆ.

ಓಕಳಿಪುರಂನ ಒಂದು ಕೊಠಡಿ

ಬೆಂಗಳೂರಿನ ಓಕಳಿಪುರಂ, ನಗರದ ಮುಖ್ಯ ರೈಲು ನಿಲ್ದಾಣದ ಬೆನ್ನಿಗೇ ಇರುವ ಹಳೆಯ ಬಡಾವಣೆ. ಮಲ್ಲೇಶ್ವರ, ಶ್ರೀರಾಮಪುರ, ರಾಜಾಜಿನಗರ ಮತ್ತು ಮೆಜೆಸ್ಟಿಕ್ ಕಡೆಯ ರಸ್ತೆಗಳು ಅಲ್ಲಿ ಕೂಡುತ್ತವೆ. ರಾಜ್ಯದ ನಾನಾ ಜಿಲ್ಲೆಗಳಿಂದ ಕೆಲಸ ಅರಸಿ ರೈಲಿನಲ್ಲಿಯೂ ಬಸ್ಸಿನಲ್ಲಿಯೂ ಬಂದಿಳಿಯುವವರಿಗೆ ಇಂತಹ ಬಡಾವಣೆಗಳ ಬಾಡಿಗೆ ಕೊಠಡಿಗಳೇ ನಗರದ ಮೊದಲ ನೆಲೆ.

ಅಂತಹ ಕೊಠಡಿಯೊಂದರಲ್ಲಿ ಇಪ್ಪತ್ತನಾಲ್ಕು ವರ್ಷದ ಒಬ್ಬ ಯುವಕನಿದ್ದಾನೆಂದು ಭಾವಿಸೋಣ. ಇದು ಯಾವೊಬ್ಬ ವ್ಯಕ್ತಿಯ ಕಥೆಯೂ ಅಲ್ಲ; ಹಲವರ ಸ್ಥಿತಿಯನ್ನು ಒಂದುಗೂಡಿಸಿ ಹೇಳುವ ಉದಾಹರಣೆ. ತಂದೆಯ ಹೆಸರಿನಲ್ಲಿ ಸಹಕಾರ ಸಂಘದ ಸಾಲವಿದೆ. ತಾಯಿ ಸಂಘದ ಮೂಲಕ ಪಡೆದ ಕಿರುಸಾಲದ ವಾರದ ಕಂತು ಬಾಕಿಯಿದೆ. ಅದನ್ನು ತೀರಿಸಲು ಆತನು ಮೊಬೈಲಿನ ಮೂಲಕ ಮತ್ತೊಂದು ಸಾಲ ಪಡೆದಿದ್ದಾನೆ. ಈಗ ವಸೂಲಿಗಾರರು ಆತನ ಭಾವಚಿತ್ರವನ್ನು ಬಂಧುಗಳಿಗೆಲ್ಲ ಕಳುಹಿಸುವುದಾಗಿ ಬೆದರಿಸುತ್ತಿದ್ದಾರೆ. ಊರಿನಲ್ಲಿ ಆತನು ‘ಬೆಂಗಳೂರಿನಲ್ಲಿ ಸಂಪಾದಿಸುವ ಮಗ’. ಆ ಹೆಸರು ಕೆಡುವುದೆಂಬ ಭಯವು ಸಾಲಕ್ಕಿಂತಲೂ ಭಾರವಾಗಿದೆ.

ರಾತ್ರಿ ಎರಡು ಗಂಟೆಗೆ ಆತನು ಮೊಬೈಲ್ ತೆರೆದು, ಎಂದೂ ಕಂಡಿರದ ಜನರ ಮುಂದೆ ಒಂದು ಪ್ರಶ್ನೆಯನ್ನಿಡುತ್ತಾನೆ: ‘ನಾನು ಇದ್ದು ಏನು ಪ್ರಯೋಜನ?’ ಅದಕ್ಕೆ ಯಾರು ಉತ್ತರಿಸುವರೆಂಬುದು ಆತನ ಅದೃಷ್ಟ. ಕನಿಕರವುಳ್ಳವನೊಬ್ಬ ಉತ್ತರಿಸಬಹುದು, ಹಾಸ್ಯ ಮಾಡುವವನೂ ಉತ್ತರಿಸಬಹುದು. ದುಃಖಿತನನ್ನು ಇನ್ನಷ್ಟು ದೂಡುವವನು ಸಿಕ್ಕರೂ ಸಿಗಬಹುದು. ಹಣ ಕೀಳುವವನು ಸಿಗಬಹುದು. ಯಾರೂ ಉತ್ತರಿಸದೆಯೂ ಇರಬಹುದು. ಅದೇ ಹೊತ್ತಿನಲ್ಲಿ, ಅದೇ ನಗರದಲ್ಲಿ, ಕೆಲವೇ ಕಿಲೋಮೀಟರ್ ದೂರದ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಸಂಸ್ಥೆಯಿದೆ. ಆ ಸಂಸ್ಥೆಯ ಮಾರ್ಗದರ್ಶನದಲ್ಲಿ ನಡೆಯುವ ಉಚಿತ ದೂರವಾಣಿ ಸೇವೆಯಲ್ಲಿ ಇಂತಹ ಪ್ರಶ್ನೆಯನ್ನು ಕೇಳಿಸಿಕೊಳ್ಳಲೆಂದೇ ತರಬೇತಿ ಪಡೆದವರು ಎಚ್ಚರವಾಗಿದ್ದಾರೆ. ಆ ಸಂಖ್ಯೆ ಆತನಿಗೆ ತಿಳಿದಿಲ್ಲ. ಊರಿನಲ್ಲಿರುವ ಆತನ ತಂದೆತಾಯಿಗೂ ತಿಳಿದಿಲ್ಲ. ಆತನಿಗೆ ಮತ ನೀಡಿದ ಪಂಚಾಯಿತಿಯೂ ಅದನ್ನು ತಿಳಿಸಿಲ್ಲ.

ಅಪರಿಚಿತರೇ ಏಕೆ?

ಪರಿಚಿತರಿಗೆ ಹೇಳಿದರೆ ಮಾತು ಹರಡುತ್ತದೆ ಎಂಬುದು ಮೊದಲ ಕಾರಣ. ಬೆಳಿಗ್ಗೆ ಚಹಾದ ಅಂಗಡಿಯಲ್ಲಿ ಹೇಳಿದ್ದು ಸಂಜೆಯೊಳಗೆ ಸಂಬಂಧಿಕರ ಊರಿಗೆ ಮುಟ್ಟಿರುತ್ತದೆ. ತಂಗಿಯ ಮದುವೆಯ ಮಾತುಕತೆ ನಡೆಯುತ್ತಿರುವ ಮನೆಯಲ್ಲಿ ‘ಅಣ್ಣನಿಗೆ ತಲೆ ಸರಿಯಿಲ್ಲ’ ಎಂಬ ಮಾತು ಹೊರಬೀಳುವುದನ್ನು ಯಾರೂ ಬಯಸುವುದಿಲ್ಲ. ಎರಡನೆಯದಾಗಿ, ಪರಿಚಿತರು ಕೇಳಿಸಿಕೊಳ್ಳುವುದಕ್ಕೆ ಮೊದಲೇ ಬುದ್ಧಿ ಹೇಳುತ್ತಾರೆ. ‘ಧೈರ್ಯ ತಂದುಕೋ’, ‘ನಿನಗಿಂತ ಕಷ್ಟದಲ್ಲಿರುವವರು ಎಷ್ಟು ಜನರಿಲ್ಲ’, ‘ಹೇಡಿಯಂತೆ ಮಾತನಾಡಬೇಡ’ ಎಂಬ ಮಾತುಗಳು ಒಳ್ಳೆಯ ಮನಸ್ಸಿನಿಂದಲೇ ಬರುತ್ತವೆ. ಆದರೆ ಅವು ಎದುರಿಗಿರುವವನ ಬಾಯಿಯನ್ನು ಮುಚ್ಚಿಸುತ್ತವೆ.

ಇಲ್ಲಿ ಸದಸ್ಯರು ಮುಖ್ಯವಾಗಿ ಗಮನಿಸಬೇಕಾದ ಒಂದು ಅಂಶವಿದೆ. ಸಾವಿನ ಅಂಚಿನಲ್ಲಿ ನಿಂತು ಅಪರಿಚಿತನನ್ನು ಪ್ರಶ್ನೆ ಕೇಳುವ ವ್ಯಕ್ತಿಯು ಇನ್ನೂ ಉತ್ತರಕ್ಕಾಗಿ ಕಾಯುತ್ತಿದ್ದಾನೆ. ಸಾಯಬೇಕೆಂಬ ಯೋಚನೆ ಮತ್ತು ಬದುಕಬೇಕೆಂಬ ಆಸೆ ಆತನಲ್ಲಿ ಒಟ್ಟಿಗೇ ಇವೆ. ಆತನ ಪ್ರಶ್ನೆಯು ವಾಸ್ತವದಲ್ಲಿ ಜೀವದ ಪರವಾಗಿ ಸಲ್ಲಿಸಿದ ಅರ್ಜಿ. ಅದು ತಪ್ಪು ವಿಳಾಸಕ್ಕೆ ಹೋಗಿದೆ, ಅಷ್ಟೇ. ಬೇರೆ ಇಲಾಖೆಗೆ ಸಂಬಂಧಿಸಿದ ಅರ್ಜಿಯು ಪಂಚಾಯಿತಿಗೆ ಬಂದಾಗ ಅದನ್ನು ಹರಿದು ಎಸೆಯುವುದಿಲ್ಲ. ಸೂಕ್ತ ಕಚೇರಿಗೆ ವರ್ಗಾಯಿಸಲಾಗುತ್ತದೆ. ಈ ಅರ್ಜಿಯ ವಿಷಯದಲ್ಲಿಯೂ ಪಂಚಾಯಿತಿಯ ಕರ್ತವ್ಯ ಅದೇ ಆಗಿದೆ.

ಕೇಳಲು ಯಾರೂ ಇಲ್ಲದ ಪ್ರಶ್ನೆ

ಕಿವಿಗೊಡುವ ಅಪರಿಚಿತನು ಪ್ರಾಣ ಉಳಿಸಬಲ್ಲನೆಂಬ ವಿಚಾರಕ್ಕೆ ಒಂದು ಇತಿಹಾಸವಿದೆ. ಇಂಗ್ಲೆಂಡಿನ ಚಾಡ್ ವಾರಾ ಎಂಬ ಪಾದ್ರಿಯು 1935ರಲ್ಲಿ, ಸೇವೆಗೆ ಸೇರಿದ ಹೊಸದರಲ್ಲಿ, ಹದಿಹರೆಯದ ಬಾಲಕಿಯೊಬ್ಬಳ ಅಂತ್ಯಕ್ರಿಯೆ ನೆರವೇರಿಸಬೇಕಾಯಿತು. ಮೊದಲ ಬಾರಿಗೆ ಮುಟ್ಟಾದಾಗ ಅದನ್ನು ಕೆಟ್ಟ ರೋಗವೆಂದು ಭಾವಿಸಿ ಆಕೆ ಪ್ರಾಣ ಕಳೆದುಕೊಂಡಿದ್ದಳು. ಆಕೆಗೆ ಬೇಕಾಗಿದ್ದುದು ಒಂದು ಸರಳ ಉತ್ತರ. ಕೇಳಲು ಒಬ್ಬರೂ ಇರಲಿಲ್ಲ. ಈ ನೆನಪು ಆತನನ್ನು ಬಿಡಲಿಲ್ಲ. 1953ರ ನವೆಂಬರ್‌ನಲ್ಲಿ ಲಂಡನ್ನಿನ ತನ್ನ ಚರ್ಚಿನಲ್ಲಿ ಆತನು ಒಂದು ದೂರವಾಣಿಯನ್ನಿಟ್ಟುಕೊಂಡು, ಸಾಯಬೇಕೆನಿಸಿದವರು ಕರೆ ಮಾಡಬಹುದೆಂದು ಪ್ರಕಟಿಸಿದನು. ನೇರವಾಗಿ ಬಂದವರು ಸರದಿಗಾಗಿ ಕಾಯುವಾಗ ಸಾಮಾನ್ಯ ಸ್ವಯಂಸೇವಕರು ಅವರಿಗೆ ಚಹಾ ಕೊಟ್ಟು, ಪಕ್ಕದಲ್ಲಿ ಕುಳಿತು, ಮಾತು ಕೇಳುತ್ತಿದ್ದರು. ಅನೇಕರಿಗೆ ಅಷ್ಟೇ ಸಾಕಾಗಿ, ಪಾದ್ರಿಯನ್ನು ಕಾಣುವ ಅಗತ್ಯವೇ ಬೀಳಲಿಲ್ಲ. ಇದನ್ನರಿತ ಆತನು 1954ರಲ್ಲಿ ಕೇಳುವ ಕೆಲಸವನ್ನು ಸ್ವಯಂಸೇವಕರಿಗೇ ಒಪ್ಪಿಸಿದನು. ಸಮಾರಿಟನ್ಸ್ ಎಂಬ ಸಂಸ್ಥೆ ಬೆಳೆದುದು ಹೀಗೆ.

ಭಾರತದಲ್ಲಿ ಇದೇ ಬಗೆಯ ಕೆಲಸಕ್ಕಾಗಿ 1986ರಲ್ಲಿ ಚೆನ್ನೈನಲ್ಲಿ ಮನೋವೈದ್ಯೆ ಲಕ್ಷ್ಮೀ ವಿಜಯಕುಮಾರ್ ಅವರು ‘ಸ್ನೇಹಾ’ ಸಂಸ್ಥೆಯನ್ನು ಸ್ಥಾಪಿಸಿದರು. ಬೆಂಗಳೂರಿನಲ್ಲಿ 2002ರಲ್ಲಿ ‘ಸಹಾಯ್’ ಸಹಾಯವಾಣಿ ಆರಂಭವಾಯಿತು. ಮುಟ್ಟಿನ ಬಗ್ಗೆ, ಪ್ರೇಮದ ಬಗ್ಗೆ, ಪರೀಕ್ಷೆಯ ಬಗ್ಗೆ, ಸಾಲದ ಬಗ್ಗೆ ಕೇಳಲು ಯಾರೂ ಇಲ್ಲದ ಮಕ್ಕಳು ಇಂದಿಗೂ ಪ್ರತಿ ಗ್ರಾಮದಲ್ಲಿದ್ದಾರೆ. ದೇಶ ಮತ್ತು ಕಾಲ ಬೇರೆಯಾದರೂ ಆ ಬಾಲಕಿಯ ಸ್ಥಿತಿ ಹಳೆಯದಾಗಿಲ್ಲ.

ಅಂಕಿಅಂಶಗಳ ಹಿಂದಿರುವ ಮನೆಗಳು

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ಮೃತಪಟ್ಟರು. ಕರ್ನಾಟಕದಲ್ಲಿ ಈ ಸಂಖ್ಯೆ 13,606. ಅಂದರೆ ದಿನವೊಂದಕ್ಕೆ ಸರಾಸರಿ 37 ಮನೆಗಳಲ್ಲಿ ಸೂತಕ. ದೇಶದ ಮಟ್ಟದಲ್ಲಿ ಮೃತರ ಪೈಕಿ ಹತ್ತರಲ್ಲಿ ಏಳು ಮಂದಿಗಿಂತ ಹೆಚ್ಚು ಪುರುಷರು. ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಜನರು ದಿನಗೂಲಿಯವರು. ದಾಖಲಾದ ಕಾರಣಗಳಲ್ಲಿ ಕೌಟುಂಬಿಕ ಸಮಸ್ಯೆ ಮತ್ತು ಅನಾರೋಗ್ಯ ಮೊದಲೆರಡು ಸ್ಥಾನದಲ್ಲಿವೆ. ಆದರೂ ಒಂದೇ ಕಾರಣದಿಂದ ಒಬ್ಬರು ಸಾಯುವುದಿಲ್ಲ. ಬೆಳೆನಷ್ಟ, ಕುಡಿತ, ಜಗಳ, ನಿದ್ರೆಯಿಲ್ಲದ ರಾತ್ರಿಗಳು ಮತ್ತು ಚಿಕಿತ್ಸೆ ದೊರೆಯದ ಖಿನ್ನತೆ ಒಂದರ ಮೇಲೊಂದು ಕೂಡುತ್ತವೆ. ಕೊನೆಗೆ ಕಂಡದ್ದನ್ನು ಮಾತ್ರ ಊರು ‘ಕಾರಣ’ವೆಂದು ಕರೆಯುತ್ತದೆ.

ಕಾರಣಗಳು ಹಲವಿರುವುದರಿಂದ ತಡೆಯುವ ಸ್ಥಳಗಳೂ ಹಲವು ಇವೆ ಎಂಬುದೇ ಇಲ್ಲಿರುವ ಭರವಸೆ.

ಸರಿಯಾದ ವಿಳಾಸ: 14416

ಕೇಂದ್ರ ಸರ್ಕಾರದ ಟೆಲಿ ಮನಸ್ ಸೇವೆಯು 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಆರಂಭವಾಯಿತು. ನಿಮ್ಹಾನ್ಸ್ ಇದರ ಪ್ರಧಾನ ಕೇಂದ್ರ. ತಾಂತ್ರಿಕ ವ್ಯವಸ್ಥೆಗೆ ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ನೆರವಿದೆ. ಸಂಖ್ಯೆ 14416. ಕರೆ ಉಚಿತ; ಸೇವೆ ದಿನದ 24 ಗಂಟೆಯೂ ಇರುತ್ತದೆ; ಕನ್ನಡದಲ್ಲಿಯೇ ಮಾತನಾಡಬಹುದು. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಮಾತು ಕೇಳುತ್ತಾರೆ. ಅಗತ್ಯವಿದ್ದರೆ ತಜ್ಞರಿಗೆ, ಅಲ್ಲಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರಿಗೆ ಸಂಪರ್ಕ ಕಲ್ಪಿಸಲಾಗುತ್ತದೆ. 2025ರ ವೇಳೆಗೆ ದೇಶದಾದ್ಯಂತ ಈ ಸೇವೆಗೆ ಬಂದ ಕರೆಗಳು 20 ಲಕ್ಷ ದಾಟಿದವು. ಇಷ್ಟು ಬಾರಿ ಜನರು ಅಪರಿಚಿತರಿಗೆ ಕರೆ ಮಾಡಿದ್ದಾರೆ. ಅವರಿಗೆ ದೊರೆತ ಅಪರಿಚಿತರು ಹೊಣೆಯುಳ್ಳವರು.

ಹಳ್ಳಿಯ ಮಟ್ಟದಲ್ಲಿ ಮನೋವೈದ್ಯಕೀಯ ಸೇವೆ ನೀಡುವ ವಿಚಾರಕ್ಕೆ ಕರ್ನಾಟಕವೇ ದಾರಿ ತೋರಿದ ರಾಜ್ಯ. 1970ರ ದಶಕದಲ್ಲಿ ನಿಮ್ಹಾನ್ಸ್ ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆಯಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಆರೋಗ್ಯ ಕಾರ್ಯಕರ್ತರಿಗೇ ತರಬೇತಿ ನೀಡಿ ಚಿಕಿತ್ಸೆ ಒದಗಿಸುವ ಪ್ರಯೋಗ ನಡೆಯಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿ ಮಾದರಿಯೇ ಆಧಾರ. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆಯನ್ನು ಏರ್ಪಡಿಸಲಾಯಿತು. ವ್ಯವಸ್ಥೆ ಇದೆ, ಅಲ್ಲಿಗೆ ಹೋಗುವ ದಾರಿಯನ್ನು ತೋರಿಸುವವರು ಬೇಕು.

ಕಾನೂನಿನ ಭಯ ಬೇಡ

ಪ್ರಾಣ ಕಳೆದುಕೊಳ್ಳಲು ಯತ್ನಿಸಿ ಬದುಕುಳಿದವರ ಮೇಲೆ ಪೊಲೀಸ್ ಮೊಕದ್ದಮೆಯಾಗುತ್ತದೆ ಎಂಬ ಭಯದಿಂದ ಕುಟುಂಬದವರು ಆಸ್ಪತ್ರೆಗೆ ಹೋಗಲು ತಡಮಾಡುತ್ತಾರೆ. ಆ ತಡವೇ ಕೆಲವೊಮ್ಮೆ ಜೀವ ತೆಗೆಯುತ್ತದೆ. ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮ 2017ರ 115ನೇ ಪ್ರಕರಣದಂತೆ, ಇಂತಹ ವ್ಯಕ್ತಿಯು ತೀವ್ರ ಮಾನಸಿಕ ಒತ್ತಡದಲ್ಲಿದ್ದನೆಂದೇ ಭಾವಿಸತಕ್ಕದ್ದು. ಬೇರೆ ರೀತಿಯಾಗಿ ರುಜುವಾತಾಗದ ಹೊರತು ಆತನನ್ನು ವಿಚಾರಣೆಗೆ ಅಥವಾ ಶಿಕ್ಷೆಗೆ ಗುರಿಪಡಿಸುವಂತಿಲ್ಲ. ಆತನಿಗೆ ಆರೈಕೆ, ಚಿಕಿತ್ಸೆ ಮತ್ತು ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಹಿಂದಿನ ದಂಡ ಸಂಹಿತೆಯ 309ನೇ ಪ್ರಕರಣಕ್ಕೆ ಸ್ಥಾನವಿಲ್ಲ.

ಒಂದು ವಿನಾಯಿತಿ ಮಾತ್ರ ಇದೆ. ಸರ್ಕಾರಿ ನೌಕರನನ್ನು ಕರ್ತವ್ಯದ ವಿಷಯದಲ್ಲಿ ಬಲವಂತಪಡಿಸಲು ಅಥವಾ ತಡೆಯಲು ಇಂತಹ ಪ್ರಯತ್ನ ಮಾಡುವುದು 226ನೇ ಪ್ರಕರಣದಡಿ ಅಪರಾಧ. ಮನೆ ಮಂಜೂರಾಗಲಿಲ್ಲವೆಂದೋ ಖಾತೆಯಾಗಲಿಲ್ಲವೆಂದೋ ಕಚೇರಿಯ ಮುಂದೆ ಕೂಗುವವರನ್ನು ಕಂಡಾಗ ಈ ಪ್ರಕರಣವನ್ನು ನೆನಪಿಸಲು ಆತುರಪಡುವುದು ಸಲ್ಲದು. ಮೊದಲು ಕೂರಿಸಿ, ನೀರು ಕೊಟ್ಟು, ಮಾತು ಕೇಳಬೇಕು. ಕೂಗಿ ಹೇಳಿದ ಅಹವಾಲಿನಲ್ಲಿಯೂ ನಿಜವಾದ ಸಂಕಟ ಇರುತ್ತದೆ.

ಸಾಲ ವಸೂಲಿಯ ಕಿರುಕುಳಕ್ಕೂ ಈಗ ಕಾನೂನಿನ ತಡೆ ಇದೆ. ಕಿರುಸಾಲ ಮತ್ತು ಸಣ್ಣ ಸಾಲಗಳ ವಸೂಲಿಯಲ್ಲಿ ಬಲವಂತದ ಕ್ರಮಗಳನ್ನು ತಡೆಯಲು ರಾಜ್ಯ ಸರ್ಕಾರವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಅದರಲ್ಲಿ 10 ವರ್ಷಗಳವರೆಗಿನ ಸೆರೆವಾಸ ಮತ್ತು 5 ಲಕ್ಷ ರೂಪಾಯಿವರೆಗಿನ ದಂಡಕ್ಕೆ ಅವಕಾಶ ಕಲ್ಪಿಸಲಾಯಿತು. ಮೊಬೈಲ್ ಮೂಲಕ ಹಣದ ವಂಚನೆಯಾದರೆ 1930 ಸಂಖ್ಯೆಗೆ ದೂರು ನೀಡಬಹುದು. ಓಕಳಿಪುರಂನ ಆ ಯುವಕನಿಗೆ ಈ ಎರಡು ಮಾಹಿತಿಗಳು ಸಮಯಕ್ಕೆ ಸಿಕ್ಕಿದ್ದರೆ, ಆ ರಾತ್ರಿಯ ಭಾರ ಅರ್ಧದಷ್ಟಾದರೂ ಇಳಿಯುತ್ತಿತ್ತು.

ಸದಸ್ಯರು ಮಾತನಾಡಬೇಕಾದ ರೀತಿ

ಯಾರಾದರೂ ಏಕಾಏಕಿ ಮೌನವಾದರೆ, ಊಟ ನಿದ್ರೆ ಬಿಟ್ಟರೆ, ತನ್ನ ವಸ್ತುಗಳನ್ನು ಹಂಚತೊಡಗಿದರೆ, ‘ನಾನಿಲ್ಲದಿದ್ದರೆ ಎಲ್ಲರಿಗೂ ನೆಮ್ಮದಿ’ ಎಂದರೆ, ಅದನ್ನು ಅಹವಾಲೆಂದೇ ಸ್ವೀಕರಿಸಬೇಕು. ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆಂಬ ನಂಬಿಕೆ ತಪ್ಪು. ಕೇಳುವುದರಿಂದ ಎದುರಿನವರಿಗೆ ಮಾತನಾಡಲು ದಾರಿಯಾಗುತ್ತದೆ. ಹಿರಿಯ ಸದಸ್ಯರೊಬ್ಬರು ಊರಿನ ಹುಡುಗನನ್ನು ಹೀಗೆ ಕೇಳಬಹುದು: ‘ಏನಪ್ಪಾ, ಒಂದು ವಾರದಿಂದ ನೋಡ್ತಾ ಇದ್ದೀನಿ, ಮಂಕಾಗಿದ್ದೀಯ. ಬದುಕೋದೇ ಬೇಡ ಅನ್ನಿಸ್ತಾ ಇದೆಯಾ? ನನ್ನ ಹತ್ರ ಹೇಳು, ಯಾರಿಗೂ ಹೇಳಲ್ಲ.’ ಮಹಿಳಾ ಸದಸ್ಯರು ನೆರೆಮನೆಯ ಸೊಸೆಯನ್ನು ಕೇಳಬಹುದು: ‘ಬಾಮ್ಮ, ಕೂತ್ಕೋ. ಮನಸ್ಸಿಗೆ ಏನು ಕಷ್ಟ ಆಗ್ತಿದೆ?’

ಕೇಳಿದ ಮೇಲೆ ಸುಮ್ಮನಿರಲು ಕಲಿಯಬೇಕು. ಉಪದೇಶ, ಶಪಥ, ಬೈಗುಳ ಬೇಡ. ಅಪಾಯ ಹತ್ತಿರವಿದೆಯೆನಿಸಿದರೆ ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡಬಾರದು. ಅಪಾಯಕಾರಿ ವಸ್ತುಗಳನ್ನು ಮನೆಯವರ ಮೂಲಕ ದೂರವಿರಿಸಬೇಕು. ಅಲ್ಲಿಯೇ ಕುಳಿತು 14416ಕ್ಕೆ ಕರೆ ಮಾಡಿಸಬೇಕು. ತುರ್ತಾದರೆ 108 ಅಥವಾ 112ಕ್ಕೆ ಕರೆ ಮಾಡಬೇಕು. ಪ್ರಾಣಾಪಾಯವನ್ನು ತಪ್ಪಿಸಲು ಎಷ್ಟು ಜನರಿಗೆ ಹೇಳಬೇಕೋ ಅಷ್ಟು ಜನರಿಗಷ್ಟೇ ವಿಷಯ ತಿಳಿಯಬೇಕು.

ಮರಳಿ ಬರುವ ಅಪರಿಚಿತ

ಆಸ್ಪತ್ರೆಯಿಂದ ಮನೆಗೆ ಮರಳಿದ ನಂತರದ ವಾರಗಳು ಹೆಚ್ಚು ಅಪಾಯದ ಕಾಲ. ಊರು ಆಗ ಒಂದೋ ಕುತೂಹಲದಿಂದ ನೋಡುತ್ತದೆ, ಇಲ್ಲವೇ ಮುಖ ತಿರುಗಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಚೆನ್ನೈ, ಕೊಲಂಬೊ ಸೇರಿದಂತೆ ಐದು ದೇಶಗಳ ಐದು ಕೇಂದ್ರಗಳಲ್ಲಿ ನಡೆಸಿದ ಅಧ್ಯಯನದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಪ್ರಯತ್ನಿಸಿ ಬದುಕುಳಿದ 1,867 ಮಂದಿ ಅದರಲ್ಲಿದ್ದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ ದೊರೆಯಿತು. ಮತ್ತೊಂದು ಗುಂಪಿಗೆ ಅದರ ಜೊತೆಗೆ ಸುಮಾರು ಒಂದು ಗಂಟೆಯ ತಿಳಿವಳಿಕೆ ಹಾಗೂ 18 ತಿಂಗಳುಗಳಲ್ಲಿ ಒಂಬತ್ತು ಬಾರಿ ಕರೆ ಅಥವಾ ಭೇಟಿ ದೊರೆಯಿತು. ಅವಧಿಯ ಕೊನೆಗೆ ಮೊದಲ ಗುಂಪಿನಲ್ಲಿ ಶೇ. 2.2ರಷ್ಟು, ಎರಡನೆಯ ಗುಂಪಿನಲ್ಲಿ ಶೇ. 0.2ರಷ್ಟು ಜನರು ಆತ್ಮಹತ್ಯೆಯಿಂದ ಮೃತಪಟ್ಟಿದ್ದರು. ಒಂಬತ್ತು ಬಾರಿ ‘ಹೇಗಿದ್ದೀರಿ’ ಎಂದು ವಿಚಾರಿಸಲು ದೊಡ್ಡ ಅನುದಾನವೇನೂ ಬೇಕಾಗಿಲ್ಲ. ಮತ್ತೆ ಮತ್ತೆ ಬಂದು ವಿಚಾರಿಸುವವನು ಅಪರಿಚಿತನಾಗಿ ಉಳಿಯುವುದಿಲ್ಲ.

ಕೀಟನಾಶಕದ ವಿಷಯದಲ್ಲಿಯೂ ಹೀಗೆಯೇ. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು 1990ರ ದಶಕದಲ್ಲಿ ನಿಷೇಧಿಸಿದ ನಂತರ, 1995 ಮತ್ತು 2005ರ ನಡುವೆ ಆತ್ಮಹತ್ಯೆಯ ಪ್ರಮಾಣ ಅರ್ಧದಷ್ಟಾಯಿತು. ತಮಿಳುನಾಡಿನ ಕಡಲೂರು ಜಿಲ್ಲೆಯ ಕಾಟ್ಟುಮನ್ನಾರ್‌ಕೋಯಿಲ್ ಭಾಗದಲ್ಲಿ ಸ್ನೇಹಾ ಸಂಸ್ಥೆಯು, ರೈತರು ಕೀಟನಾಶಕವನ್ನು ಮನೆಯಲ್ಲಿಡದೆ ಊರಿನ ಸಾಮೂಹಿಕ ಕೇಂದ್ರದಲ್ಲಿ ಬೀಗವಿರುವ ಪೆಟ್ಟಿಗೆಗಳಲ್ಲಿಡುವ ವ್ಯವಸ್ಥೆ ಮಾಡಿತು. ತೀವ್ರ ಸಂಕಟದ ಗಳಿಗೆಯು ಬಹುಮಟ್ಟಿಗೆ ಕ್ಷಣಿಕವಾದುದು. ಅದು ದಾಟಲು ಸಮಯ ಸಿಗುವಂತೆ ಮಾಡುವುದೇ ಇದರ ಉದ್ದೇಶ.

ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

1. ಪಂಚಾಯಿತಿ ಕಚೇರಿ, ಅರಿವು ಕೇಂದ್ರ, ಶಾಲೆ, ನ್ಯಾಯಬೆಲೆ ಅಂಗಡಿ, ಹಾಲಿನ ಡೈರಿ ಮತ್ತು ಬಸ್ ತಂಗುದಾಣಗಳ ಗೋಡೆಯ ಮೇಲೆ 14416 ಸಂಖ್ಯೆಯನ್ನು ದೊಡ್ಡ ಅಕ್ಷರಗಳಲ್ಲಿ ಬರೆಸುವುದು.

2. ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯಲ್ಲಿ ಈ ವಿಷಯವನ್ನು ವರ್ಷಕ್ಕೆ ಎರಡು ಬಾರಿಯಾದರೂ ಚರ್ಚಿಸುವುದು. ವ್ಯಕ್ತಿಗಳ ಹೆಸರನ್ನು ನಡವಳಿಯಲ್ಲಿ ದಾಖಲಿಸದಿರುವುದು.

3. ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ಸ್ವಸಹಾಯ ಸಂಘಗಳ ಒಕ್ಕೂಟದ ಪ್ರತಿನಿಧಿ ಮತ್ತು ನೀರುಗಂಟಿ ಇವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಂದ ಅರ್ಧ ದಿನದ ತಿಳಿವಳಿಕೆ ಕೊಡಿಸುವುದು. ಇವರೆಲ್ಲರೂ ಮನೆಮನೆಯ ಸ್ಥಿತಿಯನ್ನು ಬಲ್ಲವರು.

4. ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ಫಲಿತಾಂಶದ ವಾರದಲ್ಲಿ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ ಎಂಬುದನ್ನು ಕಸದ ವಾಹನದ ಧ್ವನಿವರ್ಧಕದ ಮೂಲಕವಾದರೂ ಪ್ರಚಾರ ಮಾಡುವುದು. ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳ ಸಹಾಯವಾಣಿ 1098ನ್ನು ತಿಳಿಸುವುದು.

5. ಕೀಟನಾಶಕಗಳನ್ನು ಬೀಗ ಹಾಕಿಡುವಂತೆ ರೈತ ಕುಟುಂಬಗಳಿಗೆ ತಿಳಿಸುವುದು. ಸಾಮೂಹಿಕ ಸಂಗ್ರಹದ ಸಾಧ್ಯತೆಯನ್ನು ಸಹಕಾರ ಸಂಘದೊಂದಿಗೆ ಚರ್ಚಿಸುವುದು.

6. ದುಡಿಯಲು ಊರು ಬಿಟ್ಟವರ ಮನೆಗಳಿಗೆ ಈ ಸಂಖ್ಯೆ ತಲುಪುವಂತೆ ನೋಡಿಕೊಳ್ಳುವುದು. ಮನೆಯವರು ವಾರಕ್ಕೊಮ್ಮೆ ಮಾತನಾಡುವಾಗ ‘ಹಣ ಕಳಿಸಿದೆಯಾ’ ಎಂಬುದಕ್ಕೆ ಮೊದಲು ‘ಊಟ ಮಾಡಿದೆಯಾ, ನಿದ್ದೆ ಬರ್ತಿದೆಯಾ’ ಎಂದು ಕೇಳುವಂತೆ ಹೇಳುವುದು.

7. ಸಾವು ಸಂಭವಿಸಿದ ಮನೆಗೆ ಸದಸ್ಯರು ಸ್ವತಃ ಹೋಗುವುದು. ಸಾವಿನ ವಿಧಾನ, ಚಿತ್ರ, ಪತ್ರಗಳನ್ನು ಮೊಬೈಲಿನಲ್ಲಿ ಹರಡದಂತೆ ಊರಿನವರಲ್ಲಿ ವಿನಂತಿಸುವುದು. ಕುಟುಂಬಕ್ಕೆ ಸಲ್ಲಬೇಕಾದ ಪಿಂಚಣಿ ಮತ್ತು ಪರಿಹಾರದ ಅರ್ಜಿಗಳಿಗೆ ನೆರವಾಗುವುದು.

ಮಾನ್ಯ ಸದಸ್ಯರೇ, ಇವುಗಳಲ್ಲಿ ಯಾವುದಕ್ಕೂ ಹೊಸ ಕಟ್ಟಡ ಬೇಡ, ಟೆಂಡರ್ ಬೇಡ. ಗೋಡೆಯ ಮೇಲೆ ಐದು ಅಂಕೆಗಳು, ಮತ್ತು ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಬಲ್ಲ ಕೆಲವು ಜನರು ಸಾಕು. ಓಕಳಿಪುರಂನ ಕೊಠಡಿಯಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು ಕುಳಿತವನಿಗೆ ಊರಿನ ಬಸ್ ತಂಗುದಾಣದ ಗೋಡೆ ನೆನಪಾಗಬೇಕು. ಆ ಗೋಡೆಯ ಮೇಲಿನ ಸಂಖ್ಯೆ ನೆನಪಾಗಬೇಕು. ಮುಂದಿನ ಬಾರಿ ಊರಿಗೆ ಬಂದಾಗ ಇಂತಹವರ ಬಳಿ ಹೇಳಿಕೊಳ್ಳಬಹುದು ಎಂದು ತಮ್ಮಲ್ಲಿ ಒಬ್ಬರ ಮುಖವಾದರೂ ಆತನ ಕಣ್ಣ ಮುಂದೆ ಬರಬೇಕು. ಬರುವ ಸಾಮಾನ್ಯ ಸಭೆಯ ವಿಷಯಸೂಚಿಯಲ್ಲಿ ಇದನ್ನು ಸೇರಿಸಬೇಕೆಂದು ಕೋರಲಾಗಿದೆ.